ಮಕ್ಕಳ ವಿವರ ಸೋರಿದರೆ ಮೊದಲು ಮಕ್ಕಳಿಗೇ ತಿಳಿಸಿ

ಮಾನ್ಯ ಸಂಪಾದಕರಿಗೆ,

ನಾನು ಮಂಡ್ಯದ ಕಾಲೇಜೊಂದರ ಕಚೇರಿಯಲ್ಲಿ ಮೂವತ್ತೊಂದು ವರ್ಷ ದುಡಿದು ಅಧೀಕ್ಷಕನಾಗಿ ನಿವೃತ್ತನಾದವನು. ನನ್ನ ಮೊಮ್ಮಗಳು ಮೈಸೂರಿನಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಎರಡನೇ ವರ್ಷದ ಬಿ.ಕಾಂ. ಓದುತ್ತಿದ್ದಾಳೆ. ಈಚೆಗೆ ಒಂದು ಭಾನುವಾರ ಸಂಜೆ ಅವಳಿಗೆ ಒಂದು ಕರೆ ಬಂತು. ಮಾತನಾಡಿದವನದು ನಮ್ಮ ಕಡೆಯದೇ ಕನ್ನಡ. "ನಿನ್ನ ವಿದ್ಯಾರ್ಥಿವೇತನದ ದುಡ್ಡು ಖಾತೆಗೆ ಹೋಗ್ತಾ ಇಲ್ಲಮ್ಮ, ಆಧಾರ್ ಸೀಡಿಂಗ್ ಸರಿಯಾಗಿಲ್ಲ, ಇವತ್ತೇ ಸರಿ ಮಾಡದಿದ್ರೆ ವಾಪಸ್ ಹೋಗುತ್ತೆ" ಎಂದ. ಅವಳು ಅನುಮಾನಿಸಿದಾಗ ಅವನು ಅವಳ ರಿಜಿಸ್ಟರ್ ನಂಬರು, ತಂದೆಯ ಹೆಸರು, ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ, ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆಯ ಸಂಖ್ಯೆ ಎಲ್ಲವನ್ನೂ ಒಂದೊಂದಾಗಿ ಓದಿ ಹೇಳಿದ. ಇಷ್ಟೆಲ್ಲ ತಿಳಿದವನು ಇಲಾಖೆಯವನೇ ಇರಬೇಕೆಂದು ಹತ್ತೊಂಬತ್ತು ವರ್ಷದ ಹುಡುಗಿ ನಂಬಿದಳು. ಅವನು ವಾಟ್ಸ್‌ಆ್ಯಪಿಗೆ ಕಳುಹಿಸಿದ ಫೈಲನ್ನು ಪರಿಶೀಲನೆಯ ಆ್ಯಪ್ ಎಂದುಕೊಂಡು ಫೋನಿಗೆ ಹಾಕಿಕೊಂಡಳು. ಅರ್ಧ ಗಂಟೆಯೊಳಗೆ ಮೆಸ್ ಬಿಲ್ಲಿಗೆಂದು ಅವಳಪ್ಪ ಹಾಕಿದ್ದ ಒಂಬತ್ತು ಸಾವಿರದ ಎಂಟುನೂರು ರೂಪಾಯಿ ಖಾತೆಯಿಂದ ಹೋಗಿತ್ತು. ನಮಗೆ ವಿಷಯ ಗೊತ್ತಾಗಿ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ದಾಖಲಿಸುವ ಹೊತ್ತಿಗೆ ಮರುದಿನ ಬೆಳಿಗ್ಗೆಯಾಗಿತ್ತು, ಹಣ ಬೇರೆ ಬೇರೆ ಖಾತೆಗಳಿಗೆ ದಾಟಿಬಿಟ್ಟಿತ್ತು.

ಹಣ ಹೋದ ಸಂಕಟ ನಮ್ಮ ಮನೆಯದು, ಅದನ್ನು ಪತ್ರಿಕೆಗೆ ಬರೆಯುವ ಅಗತ್ಯವಿರಲಿಲ್ಲ. ಆದರೆ ಅವಳು ಅಳುತ್ತಲೇ ಫೋನಿನಲ್ಲಿ, "ತಾತ, ಅವನು ಎಲ್ಲಾನೂ ನೋಡ್ಕೊಂಡು ಓದ್ತಾ ಇದ್ದ" ಎಂದಾಗ, ಏನೇನು ಹೇಳಿದ, ಯಾವುದರ ನಂತರ ಯಾವುದು ಹೇಳಿದ ಎಂದು ನಾನು ಕೇಳಿದೆ. ಅವಳು ನೆನಪಿಸಿಕೊಂಡು ಹೇಳಿದ ಕ್ರಮ ಹೀಗಿತ್ತು: ರಿಜಿಸ್ಟರ್ ನಂಬರು, ಹೆಸರು, ತಂದೆಯ ಹೆಸರು, ಪ್ರವರ್ಗ, ಆರ್‌ಡಿ ಸಂಖ್ಯೆ, ಮೊಬೈಲು, ಆಧಾರ್, ಖಾತೆ ಸಂಖ್ಯೆ, ಐಎಫ್‌ಎಸ್‌ಸಿ. ಈ ಕ್ರಮ ನನಗೆ ಬಾಯಿಪಾಠ. ವಿದ್ಯಾರ್ಥಿವೇತನದ ಅರ್ಜಿಗಳನ್ನು ಪರಿಶೀಲಿಸುವಾಗ ಕಾಲೇಜು ಕಚೇರಿಯಲ್ಲಿ ಸಿದ್ಧಪಡಿಸುವ ಪಟ್ಟಿಯ ಕಾಲಂಗಳವು. ಅಂಥ ಪಟ್ಟಿಗಳನ್ನು ಮೊದಲು ಕೈಬರಹದಲ್ಲಿ, ಆಮೇಲೆ ಕಂಪ್ಯೂಟರಿನಲ್ಲಿ ವರ್ಷಗಟ್ಟಲೆ ಮಾಡಿದವನು ನಾನು. ವಂಚಕ ಆ ಹುಡುಗಿಯ ವಿವರಗಳನ್ನು ಅಲ್ಲೊಂದು ಇಲ್ಲೊಂದು ಆರಿಸಿ ಕೂಡಿಸಿರಲಿಲ್ಲ. ಕಚೇರಿಯ ಪಟ್ಟಿಯೇ ಅವನ ಮುಂದಿತ್ತು.

ಅವಳು ಮರುದಿನ ಕಾಲೇಜು ಕಚೇರಿಗೆ ಹೋಗಿ ವಿಚಾರಿಸಿದಾಗ ತಿಳಿದ ಸಂಗತಿ ನನ್ನನ್ನು ಹೆಚ್ಚು ನೋಯಿಸಿತು. ಅದೇ ಪಟ್ಟಿಯಲ್ಲಿದ್ದ ಇನ್ನೊಬ್ಬ ವಿದ್ಯಾರ್ಥಿನಿಗೆ ಇಂಥದೇ ಕರೆ ಹನ್ನೊಂದು ದಿನ ಮೊದಲೇ ಬಂದಿತ್ತು, ಆಕೆ ಅದನ್ನು ಕಚೇರಿಗೆ ಬಂದು ಹೇಳಿಯೂ ಇದ್ದಳು. ದಾಖಲೆ ಬಾಕಿ ಇರುವವರಿಗೆ ತಿಳಿಯಲೆಂದು ಎಕ್ಸೆಲ್ ಪಟ್ಟಿಯನ್ನು ಇಡಿಯಾಗಿ ತರಗತಿಗಳ ವಾಟ್ಸ್‌ಆ್ಯಪ್ ಗುಂಪುಗಳಿಗೆ ಹಾಕಲಾಗಿತ್ತೆಂದೂ, ಅಲ್ಲಿಂದ ಅದು ಎಲ್ಲಿಗೆ ಹೋಯಿತೆಂದು ಯಾರಿಗೂ ಗೊತ್ತಿಲ್ಲವೆಂದೂ ಕಚೇರಿಯವರೇ ಒಪ್ಪಿಕೊಂಡರು. ಕೊನೆಗೆ, "ಹೊರಗೆ ಹೇಳಬೇಡಮ್ಮ, ಕಾಲೇಜಿನ ಹೆಸರು ಕೆಡುತ್ತೆ" ಎಂದು ಬುದ್ಧಿಮಾತು ಹೇಳಿ ಕಳುಹಿಸಿದರು. ಆ ಹನ್ನೊಂದು ದಿನಗಳಲ್ಲಿ ಯಾವುದಾದರೂ ಒಂದು ದಿನ, "ನಿಮ್ಮ ವಿದ್ಯಾರ್ಥಿವೇತನದ ವಿವರಗಳು ಹೊರಗೆ ಹೋಗಿವೆ, ಆ ವಿವರ ಹೇಳಿಕೊಂಡು ಕರೆ ಮಾಡುವವರನ್ನು ನಂಬಬೇಡಿ" ಎಂಬ ಎರಡು ಸಾಲಿನ ಸೂಚನೆ ಹೊರಡಿಸಿದ್ದರೆ ನನ್ನ ಮೊಮ್ಮಗಳಷ್ಟೇ ಅಲ್ಲ, ಅವಳ ಜೊತೆ ಹಣ ಕಳೆದುಕೊಂಡ ಇನ್ನೂ ಕೆಲವರು ಉಳಿಯುತ್ತಿದ್ದರು. ಕಾಲೇಜಿನ ಹೆಸರು ನಾನು ಇಲ್ಲಿ ಬರೆಯುತ್ತಿಲ್ಲ. ಇದು ಒಂದು ಕಾಲೇಜಿನ ರೋಗವಲ್ಲವೆಂದು ನಾನು ಬಲ್ಲೆ.

ನಾನು ಕೆಲಸಕ್ಕೆ ಸೇರಿದಾಗ ಪ್ರವೇಶ ವಹಿ, ಅಂಕಗಳ ವಹಿ, ವರ್ಗಾವಣೆ ಪತ್ರದ ಪುಸ್ತಕಗಳೆಲ್ಲ ಕಬ್ಬಿಣದ ಬೀರುವಿನಲ್ಲಿದ್ದವು. ಬೀರುವಿನ ಬೀಗದ ಕೈ ಅಧೀಕ್ಷಕರ ಜೇಬಿನಲ್ಲಿರುತ್ತಿತ್ತು. ಒಂದು ಕಡತ ಆ ಕೋಣೆ ಬಿಟ್ಟು ಪ್ರಾಂಶುಪಾಲರ ಕೋಣೆಗೆ ಹೋಗಬೇಕಾದರೂ ಚಲನವಲನ ವಹಿಯಲ್ಲಿ ಯಾರು ಒಯ್ದರು, ಯಾವಾಗ ಒಯ್ದರು, ಯಾವಾಗ ತಂದಿಟ್ಟರು ಎಂದು ಬರೆದು ರುಜು ಹಾಕಬೇಕಿತ್ತು. ಹಳೆಯದೆಲ್ಲ ಚಿನ್ನವೆಂದು ನಾನು ಹೇಳುತ್ತಿಲ್ಲ. ಇದೇ ಕೈಯಿಂದ ನಾನೂ ವಿದ್ಯಾರ್ಥಿವೇತನ ಮಂಜೂರಾದವರ ಪಟ್ಟಿಯನ್ನು ಜಾತಿ, ವಾರ್ಷಿಕ ಆದಾಯದ ಕಾಲಂಗಳ ಸಮೇತ ಸೂಚನಾ ಫಲಕಕ್ಕೆ ಅಂಟಿಸಿದ್ದೇನೆ. ಆ ಫಲಕದ ಮುಂದೆ ನಿಂತು ಒಬ್ಬ ಹುಡುಗ ತನ್ನ ಹೆಸರಿನ ಸಾಲಿನ ಮೇಲೆ ಅಂಗೈ ಇಟ್ಟುಕೊಂಡು, ಗೆಳೆಯರು ಹೋಗುವವರೆಗೂ ಅಲ್ಲೇ ನಿಂತಿದ್ದದ್ದನ್ನು ಕಿಟಕಿಯಿಂದ ನೋಡಿದ ಮೇಲೆಯೇ ನನಗೆ ನಾನು ಮಾಡುತ್ತಿದ್ದ ತಪ್ಪು ತಿಳಿದದ್ದು. ಮರುವರ್ಷದಿಂದ ರಿಜಿಸ್ಟರ್ ನಂಬರು ಮಾತ್ರ ಹಾಕಿದೆವು. ಅದರಿಂದ ಯಾವ ಕೆಲಸವೂ ನಿಲ್ಲಲಿಲ್ಲ.

ಅಂದಿಗೂ ಇಂದಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಫಲಕದ ಮೇಲಿನ ಕಾಗದವನ್ನು ಆ ಕಾರಿಡಾರಿನಲ್ಲಿ ನಡೆದವರು ಮಾತ್ರ ನೋಡುತ್ತಿದ್ದರು, ವಾರ ಕಳೆದ ಮೇಲೆ ಅದನ್ನು ಕಿತ್ತುಹಾಕುತ್ತಿದ್ದೆವು. ವಾಟ್ಸ್‌ಆ್ಯಪಿಗೆ ಬಿದ್ದ ಎಕ್ಸೆಲ್ ಕಡತವನ್ನು ಕಿತ್ತುಹಾಕಲಾಗದು. ಗುಂಪಿನಲ್ಲಿ ಅಳಿಸಿದರೂ ಅರವತ್ತು ಫೋನುಗಳಲ್ಲಿ ಅದರ ಪ್ರತಿ ಉಳಿದಿರುತ್ತದೆ, ಅದರ ಚಲನವಲನ ವಹಿಯನ್ನು ಯಾರೂ ಬರೆಯುವುದಿಲ್ಲ. ಹಾಗೆಯೇ ಗೂಗಲ್ ಫಾರ್ಮಿನಲ್ಲಿ ವಿವರ ತುಂಬಿಸಿಕೊಂಡು, ಬಂದ ಉತ್ತರಗಳ ಹಾಳೆಯನ್ನು ಲಿಂಕ್ ಇರುವ ಯಾರು ಬೇಕಾದರೂ ನೋಡುವಂತೆ ಬಿಟ್ಟಿರುವುದು ಸಾಮಾನ್ಯವಾಗಿದೆ. ರಿಜಿಸ್ಟರ್ ನಂಬರು ಬಳಕೆದಾರನ ಹೆಸರೂ ಹುಟ್ಟಿದ ದಿನಾಂಕ ಪಾಸ್‌ವರ್ಡೂ ಆಗಿರುವ ಕಡೆ, ಸಹಪಾಠಿಯ ಹುಟ್ಟುಹಬ್ಬ ಗೊತ್ತಿರುವ ಯಾರಾದರೂ ಒಳಗೆ ಹೋಗಬಹುದು. ಅಂಕಪಟ್ಟಿ ತೆರೆದ ಪುಟದ ವಿಳಾಸದ ಕೊನೆಯಲ್ಲಿರುವ ಅಂಕಿಗೆ ಒಂದನ್ನು ಕೂಡಿಸಿದರೆ ಮುಂದಿನ ವಿದ್ಯಾರ್ಥಿಯ ಅಂಕಪಟ್ಟಿ ತೆರೆದುಕೊಳ್ಳುವಂತೆ ಜಾಲತಾಣ ಕಟ್ಟಿದ್ದರೆ, ಯಾವ ಬೀಗವನ್ನೂ ಒಡೆಯದೆ ಒಂದು ರಾತ್ರಿಯಲ್ಲಿ ಇಡೀ ಕಾಲೇಜಿನ ಅಂಕಪಟ್ಟಿಗಳನ್ನು ಒಬ್ಬ ಹುಡುಗ ಇಳಿಸಿಕೊಳ್ಳಬಲ್ಲ. ಕಾಲೇಜು ಶುಲ್ಕ, ಹಾಜರಾತಿ, ಗ್ರಂಥಾಲಯಗಳ ಲೆಕ್ಕವನ್ನು ಖಾಸಗಿ ಕಂಪನಿಯ ತಂತ್ರಾಂಶಕ್ಕೆ ವಹಿಸಿರುವ ಕಡೆ ಮಕ್ಕಳ ವಿವರ ಯಾವ ಊರಿನ ಯಾವ ಸರ್ವರಿನಲ್ಲಿದೆ, ಗುತ್ತಿಗೆ ಮುಗಿದ ಮೇಲೆ ಅದು ಏನಾಗುತ್ತದೆ ಎಂದು ಪ್ರಾಂಶುಪಾಲರನ್ನು ಕೇಳಿದರೆ ಉತ್ತರ ಸಿಗುವುದಿಲ್ಲ.

ಲಾಗಿನ್ ವಿವರ ಪರರ ಕೈಗೆ ಸಿಕ್ಕರೆ ಏನಾಗುತ್ತದೆಂಬುದಕ್ಕೆ ದೂರ ಹೋಗಬೇಕಿಲ್ಲ. 2024ರ ಕೊನೆಯಲ್ಲಿ ಬೆಳಕಿಗೆ ಬಂದ ಎಂಜಿನಿಯರಿಂಗ್ ಸೀಟ್ ಬ್ಲಾಕಿಂಗ್, ಎಂದರೆ ಬೇಡದವರ ಹೆಸರಿನಲ್ಲಿ ಸೀಟು ಹಿಡಿದಿಡುವ, ಪ್ರಕರಣದಲ್ಲಿ, ಸೀಟು ಬೇಡವಾಗಿದ್ದ ವಿದ್ಯಾರ್ಥಿಗಳ ಲಾಗಿನ್ ಬಳಸಿ ಬೇರೆಯವರು ಆಯ್ಕೆಗಳನ್ನು ದಾಖಲಿಸಿದ್ದರೆಂಬ ಆರೋಪದ ಮೇಲೆ ಬೆಂಗಳೂರಿನ ಪೊಲೀಸರು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ನೌಕರನೊಬ್ಬನೂ ಸೇರಿದಂತೆ ಹಲವರನ್ನು ಬಂಧಿಸಿದ್ದರು. ಅರ್ಹ ಮಕ್ಕಳ ಸೀಟೇ ಹೀಗೆ ಕೈತಪ್ಪಬಹುದಾದರೆ, ಮೆಸ್ಸಿನ ಹಣ ಹೋಗುವುದು ಸಣ್ಣ ಮಾತು.

ಸೋರಿಕೆ ಎಂದಾಗಲೆಲ್ಲ ನಾವು ಹಣದ ಮಾತನ್ನೇ ಆಡುತ್ತೇವೆ. ಕಾಲೇಜಿನ ಬೀರುವಿನಲ್ಲಿ ಇರುವುದು ಹಣಕ್ಕಿಂತ ಸೂಕ್ಷ್ಮವಾದದ್ದು. ಹದಿನೆಂಟು ವರ್ಷದ ಮಗುವಿನ ಜಾತಿ ಅಲ್ಲಿದೆ. ತಂದೆ ಇಲ್ಲದ ಮನೆ, ತಾಯಿಯ ಹೆಸರಿನ ಪಡಿತರ ಚೀಟಿ, ವರ್ಷದ ಆದಾಯ, ಅಂಗವೈಕಲ್ಯದ ಪ್ರಮಾಣಪತ್ರ, ಹಾಜರಾತಿ ಕಡಿಮೆಯಾದದ್ದಕ್ಕೆ ಕೊಟ್ಟ ವೈದ್ಯರ ಚೀಟಿ, ನಪಾಸಾದ ವಿಷಯಗಳ ಸಂಖ್ಯೆ ಎಲ್ಲವೂ ಅಲ್ಲಿವೆ. ಹಿಂದುಳಿದ ವರ್ಗಗಳ ಹಾಸ್ಟೆಲಿನ ಅರ್ಜಿಯೊಂದರಲ್ಲಿ ಒಂದು ಕುಟುಂಬದ ಕಷ್ಟಸುಖವೆಲ್ಲ ನಾಲ್ಕು ಪುಟಗಳಲ್ಲಿ ಬರೆದಿರುತ್ತದೆ. ಹೆಣ್ಣುಮಕ್ಕಳ ಮೊಬೈಲ್ ಸಂಖ್ಯೆ, ಫೋಟೋ, ಹಾಸ್ಟೆಲಿನ ಕೋಣೆಯ ಸಂಖ್ಯೆ ಒಂದೇ ಸಾಲಿನಲ್ಲಿ ಅಪರಿಚಿತನ ಕೈ ಸೇರಿದರೆ ಆಗುವ ಅನಾಹುತವನ್ನು ಹೆಣ್ಣುಮಕ್ಕಳ ತಂದೆತಾಯಿಗೆ ವಿವರಿಸಬೇಕಾಗಿಲ್ಲ. ಪಾಸ್‌ವರ್ಡನ್ನು ಬದಲಿಸಬಹುದು, ಎಟಿಎಂ ಕಾರ್ಡನ್ನು ರದ್ದುಪಡಿಸಬಹುದು. ಹುಟ್ಟಿದ ದಿನಾಂಕವನ್ನು, ತಂದೆಯ ಹೆಸರನ್ನು, ಜಾತಿಯನ್ನು, ಆಧಾರ್ ಸಂಖ್ಯೆಯನ್ನು ಬದಲಿಸಲು ಬರುವುದಿಲ್ಲ. ಇಂದು ಸೋರಿದ ಈ ವಿವರಗಳು ಆ ಮಗು ಕೆಲಸಕ್ಕೆ ಸೇರಿದ ಮೇಲೂ, ಮನೆಸಾಲ ತೆಗೆಯುವ ಕಾಲಕ್ಕೂ ಹಾಗೆಯೇ ಚಾಲ್ತಿಯಲ್ಲಿರುತ್ತವೆ. ಇವೇ ದಾಖಲೆಗಳಿಂದ ಬೇರೆಯವರು ಸಿಮ್ ಕೊಂಡರೆ, ಬ್ಯಾಂಕ್ ಖಾತೆ ತೆರೆದು ವಂಚನೆಯ ಹಣ ಸಾಗಿಸಿದರೆ, ಪೊಲೀಸರ ನೋಟಿಸ್ ಬರುವುದು ಈ ಮಗುವಿನ ಮನೆಗೆ.

ಅಷ್ಟೊಂದು ವಿವರವನ್ನು ಅಷ್ಟು ಕಾಲ ಇಟ್ಟುಕೊಳ್ಳಬೇಕೆ ಎಂಬ ಪ್ರಶ್ನೆ ಇಲ್ಲಿಂದ ಹುಟ್ಟುತ್ತದೆ. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯದ ಕಂಪ್ಯೂಟರುಗಳಿಗೆ 2014ರ ಫೆಬ್ರವರಿಯಲ್ಲಿ ಕನ್ನ ಬಿದ್ದಾಗ ಸುಮಾರು ಮೂರು ಲಕ್ಷ ಜನರ ಹೆಸರು, ಹುಟ್ಟಿದ ದಿನಾಂಕ, ಅಲ್ಲಿನವರ ಗುರುತಿನ ಸಂಖ್ಯೆಯಾದ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಕಳುವಾದವು. ಆಗ ತರಗತಿಯಲ್ಲಿ ಓದುತ್ತಿದ್ದವರು ಅದರಲ್ಲಿ ಸ್ವಲ್ಪ ಪಾಲು ಮಾತ್ರ. 1998ರಿಂದ ಆ ವಿಶ್ವವಿದ್ಯಾನಿಲಯದ ಗುರುತಿನ ಚೀಟಿ ಪಡೆದ ವಿದ್ಯಾರ್ಥಿಗಳು, ಅಧ್ಯಾಪಕರು, ಸಿಬ್ಬಂದಿಯ ವಿವರಗಳೆಲ್ಲ ಅದೇ ಕಡತದಲ್ಲಿದ್ದವು. ಕಳುವಾದ ಮೇಲೆ ಅದರಲ್ಲಿ ಬಹುಪಾಲು ಹೆಸರುಗಳನ್ನು ಅಳಿಸಿಹಾಕಿದರು. ಮೊದಲೇ ಅಳಿಸಿದ್ದರೆ ಆ ಮಂದಿ ಬಚಾವಾಗುತ್ತಿದ್ದರು. ಆದರೂ ಒಂದು ಮಾತನ್ನು ಅವರ ಪರವಾಗಿ ಹೇಳಬೇಕು: ವಿಷಯ ತಿಳಿದ ಕೂಡಲೇ ಅಧ್ಯಕ್ಷರೇ ಬಹಿರಂಗ ಪತ್ರ ಬರೆದು ಎಲ್ಲರಿಗೂ ತಿಳಿಸಿ ಕ್ಷಮೆ ಕೋರಿದರು.

ನಮ್ಮಲ್ಲಿ ಪ್ರವೇಶಕ್ಕೆ ಒಂದು ಆಧಾರ್ ಜೆರಾಕ್ಸ್, ಹಾಸ್ಟೆಲಿಗೆ ಇನ್ನೊಂದು, ಬಸ್ ಪಾಸಿಗೆ, ಗ್ರಂಥಾಲಯದ ಕಾರ್ಡಿಗೆ, ಎನ್ಎಸ್ಎಸ್ ಶಿಬಿರಕ್ಕೆ ಮತ್ತೊಂದು ಎಂದು ಕೇಳುತ್ತಲೇ ಇರುತ್ತೇವೆ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಎಂಬುದೊಂದು ಇದೆ, ಅದನ್ನು ಆಧಾರ್ ಪ್ರಾಧಿಕಾರದ ಜಾಲತಾಣದಿಂದ ಉಚಿತವಾಗಿ ಇಳಿಸಿಕೊಳ್ಳಬಹುದು. ಅದನ್ನು ತಂದುಕೊಟ್ಟ ವಿದ್ಯಾರ್ಥಿಯನ್ನು, "ಇದು ನಡೆಯಲ್ಲ, ಪೂರ್ತಿ ನಂಬರ್ ಇರೋದು ತಗೊಂಡು ಬಾ" ಎಂದು ಕೌಂಟರಿನಿಂದ ವಾಪಸು ಕಳುಹಿಸಿದ್ದನ್ನು ನಾನೇ ಕಂಡಿದ್ದೇನೆ. ಆಧಾರ್ ಸಂಖ್ಯೆಯನ್ನು ಬಹಿರಂಗವಾಗಿ ಪ್ರಕಟಿಸುವುದನ್ನು, ಪ್ರದರ್ಶಿಸುವುದನ್ನು 2016ರ ಆಧಾರ್ ಕಾಯ್ದೆಯ 29ನೇ ಕಲಂ ನಿಷೇಧಿಸಿದೆ ಎಂಬುದು ಪಟ್ಟಿ ಅಂಟಿಸುವ ಎಷ್ಟು ಕಚೇರಿಗಳಿಗೆ ತಿಳಿದಿದೆಯೋ ಕಾಣೆ. ಕೇಳಿದ ಜೆರಾಕ್ಸುಗಳು ಕೆಲಸ ಮುಗಿದ ಮೇಲೆ ಗೋಣಿಚೀಲ ಸೇರಿ ರದ್ದಿಯವರ ತಕ್ಕಡಿ ಏರುತ್ತವೆ. ಅರ್ಜಿ ತುಂಬಿಕೊಡುವ ಸೈಬರ್ ಸೆಂಟರುಗಳ ಕಂಪ್ಯೂಟರ್ ಪರದೆಯ ಮೇಲೆ ಊರ ಮಕ್ಕಳ ಅಂಕಪಟ್ಟಿ, ಆಧಾರ್, ಪಾಸ್‌ಬುಕ್ಕುಗಳು ಸಾಲಾಗಿ ಬಿದ್ದಿರುತ್ತವೆ.

ಮುಚ್ಚಿಡುವುದರಿಂದ ಸಂಸ್ಥೆಗೆ ಒಳಿತಾಗುತ್ತದೆಂಬ ನಂಬಿಕೆಯೇ ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಅಪಾಯಕಾರಿಯಾಗಿ ಕಾಣುತ್ತದೆ. ಆಸ್ಟ್ರೇಲಿಯಾದ ರಾಷ್ಟ್ರೀಯ ವಿಶ್ವವಿದ್ಯಾನಿಲಯಕ್ಕೆ 2018ರ ಕೊನೆಯಲ್ಲಿ ನುಗ್ಗಿದವರು ಅಲ್ಲಿನ 19 ವರ್ಷಗಳ ದಾಖಲೆಗಳಿದ್ದ ವ್ಯವಸ್ಥೆಯೊಳಗೆ ಓಡಾಡಿದ್ದರು. ಅದು ಪತ್ತೆಯಾದದ್ದು ತಿಂಗಳುಗಳ ನಂತರ. ಆಗ ಕುಲಪತಿಯಾಗಿದ್ದವರು ಭೌತವಿಜ್ಞಾನದಲ್ಲಿ ನೊಬೆಲ್ ಪಡೆದ ಬ್ರಯಾನ್ ಶ್ಮಿಟ್. ಅವರು 2019ರ ಜೂನ್‌ನಲ್ಲಿ ವಿಷಯವನ್ನು ತಾವೇ ಪ್ರಕಟಿಸಿದರು, ಅಕ್ಟೋಬರಿನಲ್ಲಿ ಕನ್ನ ಬಿದ್ದದ್ದು ಹೇಗೆಂದು ಹಂತಹಂತವಾಗಿ ವಿವರಿಸುವ ವರದಿಯನ್ನು ಸಾರ್ವಜನಿಕರ ಮುಂದಿಟ್ಟರು. ಹಿರಿಯ ಸಿಬ್ಬಂದಿಯೊಬ್ಬರಿಗೆ ಬಂದ ಒಂದು ಮೋಸದ ಮಿಂಚಂಚೆಯಿಂದ ಎಲ್ಲ ಶುರುವಾಯಿತೆಂದೂ, ಅದರೊಳಗಿನ ಕೊಂಡಿಯನ್ನು ಒತ್ತದೆ ಬರಿದೇ ಇಣುಕಿ ನೋಡಿದ್ದಷ್ಟೇ ಸಾಕಾಯಿತೆಂದೂ ಅದರಲ್ಲಿ ಬರೆದಿತ್ತು. ಬೇರೆ ವಿಶ್ವವಿದ್ಯಾನಿಲಯಗಳು ಅದನ್ನು ಓದಿ ತಮ್ಮ ಬಾಗಿಲುಗಳನ್ನು ಸರಿಪಡಿಸಿಕೊಳ್ಳಲೆಂಬುದೇ ಅದರ ಉದ್ದೇಶವಾಗಿತ್ತು. ಅದರಿಂದ ಆ ವಿಶ್ವವಿದ್ಯಾನಿಲಯದ ಹೆಸರು ಕೆಡಲಿಲ್ಲ, ಈಗಲೂ ನಮ್ಮ ಮಕ್ಕಳು ಅಲ್ಲಿ ಸೀಟು ಸಿಗಲೆಂದು ಹಂಬಲಿಸುತ್ತಾರೆ.

ಮುಚ್ಚಿಡಲು ಹೊರಟವರ ಕಥೆಯೂ ಇದೆ. ಅಮೆರಿಕ, ಕೆನಡಾಗಳ ಶಾಲೆಗಳ ದಾಖಲೆ ನಿರ್ವಹಿಸುವ ಪವರ್‌ಸ್ಕೂಲ್ ಎಂಬ ಕಂಪನಿಯಿಂದ 2024ರ ಡಿಸೆಂಬರಿನಲ್ಲಿ ಕೋಟಿಗಟ್ಟಲೆ ವಿದ್ಯಾರ್ಥಿಗಳ ವಿವರ ಕಳುವಾಯಿತು. ಒಳಹೋಗಲು ಬಳಕೆಯಾದದ್ದು ಕದ್ದ ಒಂದು ಲಾಗಿನ್. ಎರಡನೇ ಹಂತದ ದೃಢೀಕರಣ, ಎಂದರೆ ಪಾಸ್‌ವರ್ಡಿನ ಜೊತೆಗೆ ಫೋನಿಗೆ ಬರುವ ಸಂಖ್ಯೆಯನ್ನೂ ಕೇಳುವ ಏರ್ಪಾಡು, ಅಲ್ಲಿರಲಿಲ್ಲ. ಕದ್ದ ಮಾಹಿತಿ ಹೊರಬರದಿರಲೆಂದು ಕಂಪನಿ ಹಣ ಕೊಟ್ಟಿತು, ಅಳಿಸಿದ್ದೇವೆಂಬ ಮಾತನ್ನೂ ಪಡೆಯಿತು. ಐದು ತಿಂಗಳು ಕಳೆಯುವಷ್ಟರಲ್ಲಿ, 2025ರ ಮೇ ತಿಂಗಳಲ್ಲಿ, ಅದೇ ಮಾಹಿತಿ ತೋರಿಸಿ ಶಾಲೆಗಳನ್ನೇ ನೇರವಾಗಿ ಬೆದರಿಸುವ ಪತ್ರಗಳು ಬಂದವು. ಈ ಪ್ರಕರಣದಲ್ಲಿ ತಪ್ಪೊಪ್ಪಿಕೊಂಡು ನಾಲ್ಕು ವರ್ಷದ ಸೆರೆವಾಸಕ್ಕೆ ಗುರಿಯಾದವನು ಹತ್ತೊಂಬತ್ತು ವರ್ಷದ ಕಾಲೇಜು ವಿದ್ಯಾರ್ಥಿ.

ನಮ್ಮ ದೇಶದ ಕಾನೂನು ಏನು ಹೇಳುತ್ತದೆಂಬುದನ್ನು ಕಚೇರಿಯ ಭಾಷೆಯಲ್ಲೇ ಹೇಳುತ್ತೇನೆ. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ತೀರ್ಪಿತ್ತಿತು. ಆ ಮೊಕದ್ದಮೆ ಹೂಡಿದವರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆ ಇಳಿವಯಸ್ಸಿನಲ್ಲಿ ಅವರು ತೋರಿದ ಛಲವನ್ನು ನೆನೆದಾಗ ನನ್ನಂಥ ನಿವೃತ್ತರಿಗೆ ಧೈರ್ಯ ಬರುತ್ತದೆ. ಆ ತೀರ್ಪಿನ ಆರು ವರ್ಷಗಳ ನಂತರ, 2023ರ ಆಗಸ್ಟಿನಲ್ಲಿ, ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ ನಿಯಮಗಳು ಪ್ರಕಟವಾದದ್ದು 2025ರ ನವೆಂಬರಿನಲ್ಲಿ. ಮಾಹಿತಿ ಸೋರಿದರೆ ಸಂಬಂಧಪಟ್ಟ ಪ್ರತಿಯೊಬ್ಬರಿಗೂ ವಿಳಂಬವಿಲ್ಲದೆ ಸರಳ ಮಾತುಗಳಲ್ಲಿ ತಿಳಿಸಬೇಕು. ಏನು ಸೋರಿತು, ಯಾವಾಗ ಸೋರಿತು, ಅದರಿಂದ ಆ ವ್ಯಕ್ತಿಗೆ ಆಗಬಹುದಾದ ತೊಂದರೆಯೇನು, ಸಂಸ್ಥೆ ಏನು ಕ್ರಮ ಕೈಗೊಂಡಿದೆ, ಆ ವ್ಯಕ್ತಿ ತನ್ನ ರಕ್ಷಣೆಗೆ ಏನು ಮಾಡಿಕೊಳ್ಳಬೇಕು, ಯಾರನ್ನು ವಿಚಾರಿಸಬೇಕು ಎಂಬುದೆಲ್ಲ ಅದರಲ್ಲಿರಬೇಕು. 72 ಗಂಟೆಯೊಳಗೆ ದತ್ತಾಂಶ ಸಂರಕ್ಷಣಾ ಮಂಡಳಿಗೆ ವಿವರವಾದ ವರದಿ ಹೋಗಬೇಕು ಎಂದು ಆ ನಿಯಮಗಳು ಹೇಳುತ್ತವೆ. ರಕ್ಷಣೆಯಲ್ಲಿ ಲೋಪವಾದರೆ 250 ಕೋಟಿ ರೂಪಾಯಿವರೆಗೆ, ತಿಳಿಸದೆ ಮುಚ್ಚಿಟ್ಟರೆ 200 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ.

ಆದರೆ ಈ ಹೊಣೆಗಾರಿಕೆಗಳು ಜಾರಿಗೆ ಬರುವುದು ನಿಯಮ ಪ್ರಕಟವಾದ ಹದಿನೆಂಟು ತಿಂಗಳ ಬಳಿಕ, ಅಂದರೆ 2027ರ ಮೇ ತಿಂಗಳಿನಲ್ಲಿ. ಸೈಬರ್ ಅವಘಡಗಳನ್ನು ಆರು ಗಂಟೆಯೊಳಗೆ ವರದಿ ಮಾಡಬೇಕೆಂದು ಸೈಬರ್ ಸುರಕ್ಷತೆ ನೋಡಿಕೊಳ್ಳುವ ಕೇಂದ್ರದ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದೇ ಆದೇಶಿಸಿದೆ. ಆ ವರದಿ ಹೋಗುವುದು ದೆಹಲಿಗೆ, ಹಾಸ್ಟೆಲಿನಲ್ಲಿ ಫೋನ್ ಹಿಡಿದು ಕೂತಿರುವ ಹುಡುಗಿಗಲ್ಲ. ಹೊಸ ಕಾಯ್ದೆಯಡಿ ವಸೂಲಾಗುವ ದಂಡವೂ ಸರ್ಕಾರದ ಸಂಚಿತ ನಿಧಿಗೆ ಜಮೆಯಾಗುತ್ತದೆಯೇ ಹೊರತು ನೊಂದವರಿಗೆ ಬರುವುದಿಲ್ಲ. ಮಾಹಿತಿ ರಕ್ಷಣೆಯಲ್ಲಿ ನಿರ್ಲಕ್ಷ್ಯ ತೋರಿದ ಕಂಪನಿಗಳಿಂದ ಪರಿಹಾರ ಕೇಳಲು 2000ನೇ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿದ್ದ 43ಎ ಕಲಮನ್ನೂ ಈ ಕಾಯ್ದೆ ಕೈಬಿಡುತ್ತದೆ. ಇದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ನೊಂದ ವಿದ್ಯಾರ್ಥಿಗೆ ಪರಿಹಾರದ ದಾರಿಯೊಂದು ಇರಲೇಬೇಕು.

ತಿಳಿಸುವ ಕೆಲಸಕ್ಕೆ 2027ರವರೆಗೆ ಕಾಯಬೇಕಾದ ಅಗತ್ಯವೇನೂ ಇಲ್ಲ. ಯಾವ ಕಾನೂನೂ ಇಂದು ಅದನ್ನು ತಡೆದಿಲ್ಲ. ಕಾಲೇಜು ಶಿಕ್ಷಣ ಇಲಾಖೆಯಾಗಲಿ ವಿಶ್ವವಿದ್ಯಾನಿಲಯಗಳಾಗಲಿ ಒಂದು ಸುತ್ತೋಲೆ ಹೊರಡಿಸಿದರೆ ಸಾಕು. 1916ರಲ್ಲಿ ಹುಟ್ಟಿ ಈ ನಾಡಿನ ಉನ್ನತ ಶಿಕ್ಷಣಕ್ಕೆ ಮೇಲ್ಪಂಕ್ತಿ ಹಾಕಿದ ಮೈಸೂರು ವಿಶ್ವವಿದ್ಯಾನಿಲಯವೇ ಈ ವಿಷಯದಲ್ಲೂ ಮೊದಲ ಹೆಜ್ಜೆ ಇಡಲೆಂಬುದು ನನ್ನ ಆಸೆ. ಸೋರಿಕೆಯ ಅನುಮಾನ ಬಂದ ದಿನವೇ ಆ ಪಟ್ಟಿಯಲ್ಲಿದ್ದ ಪ್ರತಿ ವಿದ್ಯಾರ್ಥಿಗೂ, ಪಿಯು ಮಕ್ಕಳಾದರೆ ಅವರ ಪೋಷಕರಿಗೂ, ಕನ್ನಡದಲ್ಲಿ ಸಂದೇಶ ಹೋಗಬೇಕು. ತನಿಖೆ ಮುಗಿಯಲೆಂದು ಕಾಯಬಾರದು, ಏಕೆಂದರೆ ವಂಚಕ ಕಾಯುವುದಿಲ್ಲ. ಸಂದೇಶದಲ್ಲಿ ಯಾವ ವಿವರ ಹೋಗಿದೆಯೆಂದು ಹೆಸರಿಸಿ ಹೇಳಬೇಕು. "ಕೆಲವು ಮಾಹಿತಿ" ಎಂದು ತೇಲಿಸಿ ಬರೆದರೆ ಪ್ರಯೋಜನವಿಲ್ಲ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕೆಂದೂ, ಆಧಾರ್ ಬಯೋಮೆಟ್ರಿಕ್ ಅನ್ನು ಲಾಕ್ ಮಾಡಿಟ್ಟುಕೊಳ್ಳಬಹುದೆಂದೂ, ತಮ್ಮ ಹೆಸರಿನಲ್ಲಿ ಎಷ್ಟು ಸಿಮ್‌ಗಳು ಚಾಲ್ತಿಯಲ್ಲಿವೆಯೆಂದು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ನೋಡಿಕೊಳ್ಳಬಹುದೆಂದೂ ಅದರಲ್ಲಿರಬೇಕು. ಈ ಮೂರನ್ನೂ ನನ್ನ ಮೊಮ್ಮಗಳಿಗೆ ಯಾರೂ ಹೇಳಿರಲಿಲ್ಲ. ಇಲ್ಲಿನ ಸೈಬರ್ ಠಾಣೆಗೆ ಹೋದಾಗ ಒಬ್ಬ ಪೇದೆ ಸಾವಧಾನದಿಂದ ಹೇಳಿಕೊಟ್ಟರು, ಅವರಿಗೆ ನಾನು ಋಣಿ.

ಕಚೇರಿ ಸಿಬ್ಬಂದಿಯ ಪರವಾಗಿಯೂ ನಾಲ್ಕು ಮಾತು ಹೇಳದಿದ್ದರೆ ನನ್ನ ಮನಸ್ಸಿಗೆ ಸಮಾಧಾನವಾಗದು. ಸೋರಿಕೆ ಬಯಲಾದಾಗ ಮೊದಲು ತಲೆದಂಡ ಕೊಡಬೇಕಾಗುವುದು ಹೊರಗುತ್ತಿಗೆಯ ಡಾಟಾ ಎಂಟ್ರಿ ಹುಡುಗ. ಪ್ರವೇಶದ ದಿನಗಳಲ್ಲಿ ಕೌಂಟರಿನ ಮುಂದೆ ಇನ್ನೂರು ಮಂದಿ ಸಾಲು ನಿಂತಿರುತ್ತಾರೆ, ತಂತ್ರಾಂಶಕ್ಕೆ ಇಡೀ ಕಚೇರಿಗೆ ಒಂದೇ ಲಾಗಿನ್ ಕೊಟ್ಟಿರುತ್ತಾರೆ, ಅದರ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸದೆ ಕೆಲಸವೇ ಸಾಗುವುದಿಲ್ಲ. ದಾಖಲೆ ಬಾಕಿ ಇರುವವರಿಗೆ ಇಂದೇ ತಿಳಿಸಿ ಎಂದು ಮೇಲಿನಿಂದ ಫೋನ್ ಬರುತ್ತದೆ, ತಿಳಿಸಲು ವಾಟ್ಸ್‌ಆ್ಯಪ್ ಬಿಟ್ಟು ಬೇರೆ ಸಾಧನವನ್ನು ಯಾರೂ ಕೊಟ್ಟಿರುವುದಿಲ್ಲ. ಮಕ್ಕಳ ವಿವರವನ್ನು ಹೇಗೆ ಕಾಪಾಡಬೇಕೆಂದು ನನ್ನ ಮೂವತ್ತೊಂದು ವರ್ಷಗಳ ಸೇವೆಯಲ್ಲಿ ಒಂದು ದಿನದ ತರಬೇತಿಯನ್ನೂ ನನಗೆ ಕೊಟ್ಟಿರಲಿಲ್ಲ. ಹಣಕಾಸಿನ ಲೆಕ್ಕಕ್ಕೆ ವರ್ಷವರ್ಷ ಆಡಿಟ್ ಇತ್ತು, ಹತ್ತು ರೂಪಾಯಿ ವ್ಯತ್ಯಾಸ ಬಂದರೂ ವಿವರಣೆ ಬರೆಯಬೇಕಿತ್ತು. ಮಕ್ಕಳ ದಾಖಲೆಗಳು ಎಲ್ಲಿವೆ, ಯಾರ ಕೈಯಲ್ಲಿವೆ, ಯಾವಾಗ ನಾಶಪಡಿಸಿದಿರಿ ಎಂದು ಯಾವ ಆಡಿಟರೂ ಕೇಳಿದ್ದಿಲ್ಲ. ಪ್ರತಿ ನೌಕರನಿಗೂ ಪ್ರತ್ಯೇಕ ಲಾಗಿನ್ ಕೊಟ್ಟು, ಯಾರು ಯಾವ ಪಟ್ಟಿಯನ್ನು ಇಳಿಸಿಕೊಂಡರೆಂಬುದು ತಾನಾಗಿಯೇ ದಾಖಲಾಗುವಂತೆ ಮಾಡಿದರೆ ಅದೇ ಇಂದಿನ ಚಲನವಲನ ವಹಿಯಾಗುತ್ತದೆ. ತಪ್ಪನ್ನು ಬಂದು ಹೇಳಿದ ಗುಮಾಸ್ತನಿಗೆ ನೋಟಿಸ್ ಕೊಡುವ ಕಚೇರಿಯಲ್ಲಿ ಮುಂದಿನ ತಪ್ಪನ್ನು ಯಾರೂ ಹೇಳುವುದಿಲ್ಲ ಎಂಬುದನ್ನೂ ಆಡಳಿತ ಮಂಡಳಿಗಳು ಗಮನಿಸಬೇಕು.

ನನ್ನ ಮೊಮ್ಮಗಳೂ ಅವಳ ಆರು ಮಂದಿ ಸಹಪಾಠಿಗಳೂ ಸೇರಿ ಪ್ರಾಂಶುಪಾಲರಿಗೆ ಲಿಖಿತ ಮನವಿ ಕೊಟ್ಟಿದ್ದಾರೆ. ಪಟ್ಟಿಯಲ್ಲಿ ಯಾರ ಯಾರ ಯಾವ ವಿವರಗಳಿದ್ದವು, ಅದು ಯಾವ ದಿನ ಯಾವ ಗುಂಪುಗಳಿಗೆ ಹೋಯಿತು, ಉಳಿದ ವಿದ್ಯಾರ್ಥಿಗಳಿಗೆ ಯಾವಾಗ ತಿಳಿಸುತ್ತೀರಿ ಎಂಬ ಮೂರೇ ಪ್ರಶ್ನೆಗಳು ಅದರಲ್ಲಿವೆ. ಮನವಿಯ ಕರಡು ತಿದ್ದಿಕೊಟ್ಟವನು ನಾನೇ. ಕಚೇರಿಯವರು ಪ್ರತಿಯ ಮೇಲೆ ಮೊಹರು ಒತ್ತಿ, ಇನ್‌ವರ್ಡ್ ಸಂಖ್ಯೆ ಹಾಕಿ ಕೊಟ್ಟಿದ್ದಾರೆ. ಇನ್‌ವರ್ಡ್ ಸಂಖ್ಯೆ ಬಿದ್ದ ಪತ್ರಕ್ಕೆ ಉತ್ತರ ಹೋಗಲೇಬೇಕೆಂದು ನನಗೆ ಕೆಲಸ ಕಲಿಸಿದ ಹಿರಿಯರು ಹೇಳುತ್ತಿದ್ದರು. ಈ ಪತ್ರ ಬರೆಯುವ ಹೊತ್ತಿಗೆ ಇಪ್ಪತ್ತಮೂರು ದಿನ ಕಳೆದಿದೆ, ಉತ್ತರ ಬಂದಿಲ್ಲ. ಅದು ಅನುದಾನಿತ ಕಾಲೇಜಾದ್ದರಿಂದ, ಮುಂದಿನ ವಾರ ಅವೇ ಮೂರು ಪ್ರಶ್ನೆಗಳನ್ನು ಮಾಹಿತಿ ಹಕ್ಕು ಅರ್ಜಿಯಲ್ಲಿ ಬರೆದು, ಹತ್ತು ರೂಪಾಯಿ ಶುಲ್ಕ ಕಟ್ಟಿ ಸಲ್ಲಿಸಲು ಆ ಏಳು ಮಂದಿ ನಿರ್ಧರಿಸಿದ್ದಾರೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಕಚೇರಿ ಅಧೀಕ್ಷಕ, ಮಂಡ್ಯ